ಇಳಿಯುವ ಅಭ್ಯಾಸ: ಹನುಮಂತನಗರದ ಕಾಂಡಿಮೆಂಟ್ಸ್ ಆಂಟಿ ಮುಕ್ತಿನಾಥಕ್ಕೆ ನಡೆದ ಪ್ರಕರಣ

2024ರ ಜನವರಿ ಮೊದಲ ವಾರ, ಅವರೆಕಾಯಿ ಸೊಗಡು ಊರೆಲ್ಲ ತುಂಬಿಕೊಂಡಿದ್ದ ದಿನಗಳು. ಬಸವನಗುಡಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದವರು ಬಲ ಮಂಡಿ ಮುಟ್ಟಿ ತೋರಿಸಿ ಕೂತರು. ಅರವತ್ತು ದಾಟಿದ ಹೆಂಗಸರು ನನ್ನ ಹತ್ತಿರ ತರುವ ದೂರು ಬಹುಪಾಲು ಇದೇ. ಕಾರ್ಡಿನಲ್ಲಿ ವಯಸ್ಸು ಬರೆಯುತ್ತಲೇ ‘ಮೆಟ್ಟಿಲು ಸ್ವಲ್ಪ ಕಡಿಮೆ ಮಾಡಿ ಆಂಟಿ’ ಅಂದೆ. ಅಭ್ಯಾಸಬಲ.

‘ಕಡಿಮೆ ಮಾಡೋಕಲ್ಲ ಡಾಕ್ಟ್ರಮ್ಮ ಬಂದಿರೋದು. ದೀಪಾವಳಿ ಹೊತ್ತಿಗೆ ಮುಕ್ತಿನಾಥಕ್ಕೆ ನಡ್ಕೊಂಡು ಹೋಗ್ಬೇಕು. ಆ ಕಡೆಯಿಂದ, ಘಟ್ಟ ಹತ್ತಿ ಇಳ್ಕೊಂಡು.’

ಪ್ರಕರಣ ಬರೆಯಲು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಬೀದಿಯವರು ಕರೆಯುವ ಹಾಗೆ ಕಾಂಡಿಮೆಂಟ್ಸ್ ಆಂಟಿ ಅಂತಲೇ ಇಟ್ಟುಕೊಳ್ಳೋಣ. ವಯಸ್ಸು 62. ಯಜಮಾನರು ತೀರಿಕೊಂಡು ಹನ್ನೊಂದು ವರ್ಷ. ಹನುಮಂತನಗರದಲ್ಲಿ 28 ವರ್ಷದಿಂದ ಪುಟ್ಟ ಅಂಗಡಿ: ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಸಾರಿನ ಪುಡಿ, ಬೇಸಿಗೆಗೆ ಗೋಲಿ ಸೋಡಾ. ಮಗ ಸೊಸೆ ಕನಕಪುರ ರಸ್ತೆಯ ಫ್ಲ್ಯಾಟಿನಲ್ಲಿದ್ದಾರೆ.

2023ರ ಮೇ ತಿಂಗಳಲ್ಲಿ ಇವರು ಪ್ಯಾಕೇಜ್ ಟೂರಿನಲ್ಲಿ ನೇಪಾಳದ ಮುಕ್ತಿನಾಥಕ್ಕೆ ಹೋಗಿ ಬಂದಿದ್ದರು. ಶ್ರೀವೈಷ್ಣವರಿಗೆ ಅದು 108 ದಿವ್ಯದೇಶಗಳಲ್ಲಿ ಒಂದು. ಕೆಳಗೆ ಹರಿಯುವ ಕಾಳಿಗಂಡಕಿ ಸಾಲಿಗ್ರಾಮ ಸಿಗುವ ನದಿಯಾದ್ದರಿಂದ ಇವರಂಥ ಮಾಧ್ವರ ಮನೆಗಳಿಗೂ ದೊಡ್ಡ ಕ್ಷೇತ್ರ. ಪೋಖರಾದಿಂದ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ, ದರ್ಶನ ಮುಗಿಸಿ ಹೊರಗೆ ಕೂತಿದ್ದಾಗ, ಮೇಲಿನ ಬೋಳು ಬೆಟ್ಟದಿಂದ ಕೋಲೂರಿಕೊಂಡು ಇಳಿದು ಬರುತ್ತಿದ್ದ ನರೆಗೂದಲ ವಿದೇಶಿ ದಂಪತಿಯನ್ನು ಕಂಡರು. ಇವರು ಎಲ್ಲಿಂದ ಬಂದ್ರು ಅಂತ ಡ್ರೈವರನ್ನು ಕೇಳಿದರೆ, ಮನಾಂಗ್ ಕಡೆಯಿಂದ, ಥೊರಾಂಗ್ ಲಾ ದಾಟಿ, ನಡೆದೇ ಬಂದಿದ್ದಾರೆ ಅಂದನಂತೆ. ‘ನಾನು ಜೀಪಲ್ಲಿ ಬಂದು ಕೈಮುಗಿದೆ. ಅವರು ದೇವರು ದಿಂಡರು ಅನ್ನೋರಲ್ಲ, ನಡೆದು ಬಂದಿದಾರೆ. ನನಗೇ ಒಂಥರಾ ಆಯ್ತು.’

ಕಾರಣ ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವನ್ನು ನಾನು ಕೆದಕಲೂ ಇಲ್ಲ.

ಇದು ಅನ್ನಪೂರ್ಣ ಪರ್ವತಸಾಲನ್ನು ಬಳಸಿ ಹೋಗುವ ಸುತ್ತಿನ ದಾರಿ. ಎರಡೂ ಕಡೆಯಿಂದ ರಸ್ತೆ ಒಳಗೆ ಬಂದಮೇಲೆ ಹಿಂದಿನ ಮೂರು ವಾರದ ಸುತ್ತು ಚಿಕ್ಕದಾಗಿದೆ. ಇವರ ತಂಡ ಆರಿಸಿಕೊಂಡದ್ದು 1,860 ಮೀಟರ್ ಎತ್ತರದ ಧಾರಾಪಾನಿಯಿಂದ ಮುಕ್ತಿನಾಥದವರೆಗಿನ ಸುಮಾರು 80 ಕಿಲೋಮೀಟರ್ ಭಾಗ. ನಡುವೆ 5,416 ಮೀಟರಿನ ಥೊರಾಂಗ್ ಲಾ. ‘ಲಾ’ ಅಂದರೆ ಟಿಬೆಟನ್ ಭಾಷೆಯಲ್ಲಿ ಕಣಿವೆದಾರಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ ಅನ್ನುವುದನ್ನು ನೆನೆದರೆ ಅಂದಾಜಾದೀತು.

ಬಂದಾಗಿನ ಸ್ಥಿತಿ

ಎತ್ತರ 154 ಸೆಂಟಿಮೀಟರ್, ತೂಕ 68 ಕಿಲೋ. ಬಿಪಿಗೆ ದಿನಕ್ಕೊಂದು ಮಾತ್ರೆ, ಹಿಡಿತದಲ್ಲಿದೆ. ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಬಲ ಮಂಡಿಯ ಒಳಮಗ್ಗುಲಲ್ಲಿ ಎರಡನೇ ದರ್ಜೆಯ ಸವೆತ. ವಿಟಮಿನ್ ಡಿ 14, ತೀರಾ ಕಡಿಮೆ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯ ನೆರಳಲ್ಲಿ ನಿಂತವರಿಗೆ ಬಿಸಿಲು ಎಲ್ಲಿಂದ ಬರಬೇಕು.

ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಅನ್ನುವುದು ನಾವು ಮೊದಲು ಮಾಡಿಸುವ ಪರೀಕ್ಷೆ. 60ರಿಂದ 64ರ ಹೆಂಗಸರಿಗೆ 12ರಿಂದ 17 ಸಾಮಾನ್ಯ. ಇವರದು 9, ಕೊನೆಯ ಎರಡಕ್ಕೆ ಉಸಿರು ಕಟ್ಟಿ ಎದ್ದರು. ಒಂಟಿ ಕಾಲಿನ ಮೇಲೆ 6 ಸೆಕೆಂಡ್. ಆರು ನಿಮಿಷದ ನಡಿಗೆಯಲ್ಲಿ 430 ಮೀಟರ್. ಕಾರ್ಡಿನ ಬಲಬದಿಯಲ್ಲಿ ‘ಬೇಡ ಅನ್ನಬೇಕು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಅದು ಈಗಲೂ ಅಲ್ಲಿದೆ.

ಆದರೆ ಕಾರ್ಡಿನಲ್ಲಿ ಬರೆಯಲು ಜಾಗವಿಲ್ಲದ ಕೆಲವು ಸಂಗತಿಗಳಿದ್ದವು. 28 ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದವರು. ಬೇಜಾರು ಅನ್ನುವ ಪದವನ್ನೇ ಬಳಸದವರು. ದಿನಕ್ಕೆ ಹನ್ನೆರಡು ಗಂಟೆ ನಿಲ್ಲಬಲ್ಲವರು. ಬೆಟ್ಟದ ನಡಿಗೆಯ ಬಹುಪಾಲು ಇದೇ ತಾನೆ: ಬೆಳಿಗ್ಗೆ ಬೇಗ ಏಳುವುದು, ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುವುದು, ಗೊಣಗದಿರುವುದು. ಕ್ಲಿನಿಕ್ಕಿಗೆ ಬರುವ ಐಟಿ ಹುಡುಗರಲ್ಲಿ ಇದನ್ನು ಹುಟ್ಟಿಸುವುದು ಸ್ನಾಯು ಬೆಳೆಸುವುದಕ್ಕಿಂತ ಕಷ್ಟ.

ಹೃದಯ ತಜ್ಞರಲ್ಲಿಗೆ ಕಳಿಸಿದೆ. ಟಿಎಂಟಿ, ಎಕೋ ಎರಡೂ ಆದವು. ಅವರ ಒಪ್ಪಿಗೆ ಕೈಗೆ ಬರುವ ತನಕ ಒಂದು ವ್ಯಾಯಾಮವನ್ನೂ ಏರಿಸಲಿಲ್ಲ. ಈ ವಯಸ್ಸಿನಲ್ಲಿ ಬೆಟ್ಟದ ಆಸೆ ಇಟ್ಟುಕೊಂಡವರು ಶೂ ಕೊಳ್ಳುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು.

ಇಳಿಯುವ ಲೆಕ್ಕ

ಎಲ್ಲರೂ ಏರುವುದನ್ನೇ ಕೇಳುತ್ತಾರೆ. ‘ಅಷ್ಟು ಎತ್ತರ ಹತ್ತೋಕಾಗತ್ತಾ?’ ನಾನು ನಕ್ಷೆ ಹರಡಿ ಕೂತಾಗ ಹೆದರಿಸಿದ್ದು ಹತ್ತುವ ಭಾಗವಲ್ಲ. ಏರು ಹಲವು ದಿನಗಳಲ್ಲಿ ಹಂಚಿಹೋಗಿದೆ, ಎತ್ತರಕ್ಕೆ ಮೈ ಒಗ್ಗಬೇಕಾದ್ದರಿಂದ ದಿನದ ಏರು ಹೇಗೂ ಕಡಿಮೆ. ಕಣಿವೆದಾರಿ ದಾಟಿದ ದಿನ ಮಾತ್ರ 5,416ರಿಂದ ಸುಮಾರು 3,800 ಮೀಟರಿಗೆ, ಒಂದೇ ಸಮ ಇಳಿಜಾರು. 1,600 ಮೀಟರ್. ಅದೂ ಬೆಳಗಿನ ಜಾವದಿಂದ ಏರಿ ದಣಿದ ಕಾಲುಗಳಲ್ಲಿ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಭಾರ ತಡೆಹಿಡಿಯಬೇಕು. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ಬಿಗಿಹಿಡಿದೇ ಸ್ವಲ್ಪ ಸ್ವಲ್ಪ ಜಾರಬಿಡುತ್ತೇವಲ್ಲ, ಹಾಗೆ. ಈ ಕೆಲಸ ಶ್ವಾಸಕ್ಕೆ ಹಗುರ, ಸ್ನಾಯುವಿನ ಎಳೆಗಳಿಗೆ ಭಾರ. ಹಗ್ಗ ಕೈಜಾರಿದರೆ ಕೊಡ ಬಾವಿಕಟ್ಟೆಗೆ ಬಡಿಯುತ್ತದೆ. ಇಲ್ಲಿ ಬಡಿಯುವುದು ಮಂಡಿಯ ಸವೆದ ಮೃದ್ವಸ್ಥಿಗೆ. ಇನ್ನೊಂದು ಗುಣವೂ ಇದೆ: ಒಮ್ಮೆ ಇಳಿದು ನೋವಾದ ಸ್ನಾಯು ಎರಡು ಮೂರು ದಿನದಲ್ಲಿ ಸುಧಾರಿಸಿಕೊಂಡು, ಮುಂದಿನ ಸಲ ಅಷ್ಟೇ ಇಳಿಕೆಗೆ ಕಡಿಮೆ ನೋಯುತ್ತದೆ. ಅಂದರೆ ಇಳಿಯುವುದನ್ನು ಕಲಿಸಬಹುದು. ಮೂವತ್ತರಿಂದಾಚೆ ಸ್ನಾಯು ಮೆಲ್ಲಗೆ ಕರಗುತ್ತ ಹೋಗುತ್ತದೆ, ಅರವತ್ತರ ಮೇಲೆ ಬೇಗ ಬೇಗ. ಕಲಿಯುವ ಶಕ್ತಿ ಮಾತ್ರ ಉಳಿದಿರುತ್ತದೆ. 2017ರಲ್ಲಿ ಪ್ರಕಟವಾದ ತೈವಾನಿನ ಒಂದು ಅಧ್ಯಯನದಲ್ಲಿ ಸ್ಥೂಲಕಾಯದ ಹಿರಿಯ ಹೆಂಗಸರನ್ನು ಎರಡು ಗುಂಪು ಮಾಡಿ 12 ವಾರ ಒಂದು ಗುಂಪಿಗೆ ಮೆಟ್ಟಿಲು ಹತ್ತುವುದನ್ನಷ್ಟೇ, ಇನ್ನೊಂದಕ್ಕೆ ಇಳಿಯುವುದನ್ನಷ್ಟೇ ಮಾಡಿಸಿದರು. ತೊಡೆಯ ಬಲ ಹೆಚ್ಚು ಏರಿದ್ದು ಇಳಿದವರಲ್ಲಿ.

ನನಗೆ ಬೇಕಾಗಿದ್ದು ಲಿಫ್ಟ್ ಇರುವ ಎತ್ತರದ ಕಟ್ಟಡ. ಮಗನ ಅಪಾರ್ಟ್‌ಮೆಂಟಿಗೆ 14 ಮಹಡಿ. ಫೆಬ್ರವರಿಯಿಂದ ವಾರಕ್ಕೆರಡು ಸಲ ಆಂಟಿ ಅಲ್ಲಿಗೆ ಹೋಗಿ, ಲಿಫ್ಟಿನಲ್ಲಿ ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳಿಯತೊಡಗಿದರು. ಪ್ರತಿ ಮೆಟ್ಟಿಲಿಗೂ ಮನಸ್ಸಿನಲ್ಲಿ ಒಂದು, ಎರಡು ಎಣಿಸಿ ಕಾಲಿಡಬೇಕು, ಮಂಡಿ ಲಾಕ್ ಆಗಬಾರದು, ಧೊಪ್ ಅನ್ನುವ ಸದ್ದು ಬರಬಾರದು. ಮೊದಲ ವಾರ ಎರಡು ಸುತ್ತು. ಮೂರು ದಿನ ಶೌಚಾಲಯದಲ್ಲಿ ಕೂರಲು ಆಗಲಿಲ್ಲ ಅಂತ ಫೋನ್ ಮಾಡಿ ಬೈದರು. ಅಂಗಡಿಯವರಾದ್ದರಿಂದ ಲೆಕ್ಕ ತಾವೇ ಹಾಕಿದ್ದರು: ಮಹಡಿಗೆ 3 ಮೀಟರಾದರೆ ಒಂದು ಸುತ್ತಿಗೆ 42, 1,600ಕ್ಕೆ 38 ಸುತ್ತು. ‘ಮೂವತ್ತೆಂಟಾ!’ ಅಂದವರೇ ಸುಮ್ಮನಾದರು.

ಸೆಪ್ಟೆಂಬರಿನಲ್ಲಿ ಬೆನ್ನಿಗೆ ಐದು ಕಿಲೋ ಕಡಲೆಬೇಳೆ ಪ್ಯಾಕೆಟ್ಟುಗಳ ಬ್ಯಾಗ್ ಹಾಕಿಕೊಂಡು ಒಂದೇ ಬಾರಿಗೆ 12 ಸುತ್ತು ಇಳಿದರು. ಅಷ್ಟು ಹೊತ್ತಿಗೆ ಕಟ್ಟಡದವರೆಲ್ಲ ‘ಲಿಫ್ಟ್ ಕೆಟ್ಟಿದ್ಯಾ ಆಂಟಿ?’ ಎಂದು ಕೇಳಿ ಕೇಳಿ ಸಾಕಾಗಿದ್ದರು. ಸೆಕ್ಯುರಿಟಿಯವನಿಗೆ ಮಾತ್ರ ಇವರು ಮೆಟ್ಟಿಲ ಮೇಲೆ ಏನೋ ಒಡವೆ ಕಳೆದುಕೊಂಡಿದ್ದಾರೆಂಬ ಗುಮಾನಿ ಕೊನೆಯವರೆಗೂ ಹೋಗಲಿಲ್ಲ.

ಮಿಕ್ಕದ್ದು ಹೆಚ್ಚುಕಡಿಮೆ ಎಲ್ಲರಿಗೂ ಹೇಳುವಂಥದ್ದೇ. ವಾರಕ್ಕೆ ಎರಡು ದಿನ ಕ್ಲಿನಿಕ್ಕಿನಲ್ಲಿ ಸೊಂಟ, ತೊಡೆ, ಮೀನಖಂಡದ ಬಲಕ್ಕೆ ವ್ಯಾಯಾಮ. ಹಲ್ಲುಜ್ಜುವಾಗ ಒಂಟಿಕಾಲು. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲು. ಭಾನುವಾರ ಲಾಲ್‌ಬಾಗ್. ಅಲ್ಲಿ ಕೆಂಪೇಗೌಡ ಗೋಪುರದ ಬಂಡೆ ಇದೆಯಲ್ಲ, 300 ಕೋಟಿ ವರ್ಷದಷ್ಟು ಹಳೆಯದು, ಅದರ ಇಳಿಜಾರಿನಲ್ಲಿ ಅಡ್ಡಡ್ಡ ನಡೆಸಿದೆ. ಸಮತಟ್ಟು ನೆಲವನ್ನಷ್ಟೇ ನಂಬುವ ಪಾದಕ್ಕೆ ಓರೆ ನೆಲದ ಪರಿಚಯ ಆಗಬೇಕು. ವೇಗಕ್ಕೆ ಗಡಿಯಾರ ಕೊಡಲಿಲ್ಲ. ಹತ್ತುವಾಗ ದಾಸರ ಪದ ಗುನುಗಿಕೊಳ್ಳುವುದು ಅವರ ರೂಢಿ. ಪಲ್ಲವಿಯ ಒಂದು ಸಾಲನ್ನು ಒಂದೇ ಉಸಿರಲ್ಲಿ ಮುಗಿಸಲು ಆಗದಿದ್ದರೆ ನಿಧಾನ ಮಾಡಬೇಕು ಅನ್ನುವುದೇ ನಿಯಮ. ಹೃದಯದ ಬಡಿತ ತೋರಿಸುವ ವಾಚಿಗಿಂತ ಇದು ಇವರಿಗೆ ಚೆನ್ನಾಗಿ ಒಗ್ಗಿತು.

ಊಟದ ಮಾತು ಒಂದಿದೆ. ಅನ್ನ, ಸಾರು, ಪಲ್ಯ, ಮಜ್ಜಿಗೆಯಲ್ಲಿ ಇವರ ಹೊಟ್ಟೆಗೆ ಹೋಗುತ್ತಿದ್ದ ಪ್ರೋಟೀನ್ ದಿನಕ್ಕೆ 40 ಗ್ರಾಂ ಆಸುಪಾಸು. ಈ ವಯಸ್ಸಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು, ಅಂದರೆ 70ರ ಹತ್ತಿರ. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಗೆ ಮೊಟ್ಟೆ ತಿನ್ನಿ ಅನ್ನುವ ಹಾಗಿಲ್ಲ. ಹೆಸರುಕಾಳು ಉಸಲಿ, ಹುರುಳಿ ಸಾರು, ಪನೀರು, ಗಟ್ಟಿ ಮೊಸರು, ಸಂಜೆ ಗಲ್ಲಾಪೆಟ್ಟಿಗೆ ಪಕ್ಕದಲ್ಲೊಂದು ಬಟ್ಟಲು ಹುರಿಗಡಲೆ ಮತ್ತು ಕಡಲೆಕಾಯಿ. ಕೋಡುಬಳೆ ಮಾರಲಿಕ್ಕೆ ಮಾತ್ರ. ಹೊರಡುವ ಹೊತ್ತಿಗೆ ತೂಕ 63 ಕಿಲೋಗೆ ಇಳಿದಿತ್ತು. ಅದು ನಾನು ಕೇಳಿದ್ದಲ್ಲ, ತಾನಾಗಿ ಆದದ್ದು.

ಇನ್ನು ಶೂ. ಜೀವಮಾನವೆಲ್ಲ ಚಪ್ಪಲಿಯಲ್ಲಿ ಓಡಾಡಿದ ಪಾದ ಅಗಲವಾಗಿ ಹರಡಿಕೊಂಡಿರುತ್ತದೆ. ಹೆಂಗಸರ ಶೂ ಯಾವುದೂ ಹಿಡಿಸಲಿಲ್ಲ, ಕೊನೆಗೆ ಗಂಡಸರ ಶೂ ತೆಗೆದುಕೊಂಡೆವು. ಮೊದಲ ತಿಂಗಳು ಸೀರೆಯ ಕೆಳಗೇ ಹಾಕಿಕೊಂಡು ಅಂಗಡಿಯಲ್ಲಿ ನಿಂತರು. ಪ್ಯಾಂಟಿಗೆ ಬರಲು ಇನ್ನೂ ಎರಡು ತಿಂಗಳು ಬೇಕಾಯಿತು.

ನಾವಿಬ್ಬರೂ ಎಡವಿದ್ದು

ಜೂನಿನಲ್ಲಿ ಶಿವಗಂಗೆ. ಕಡಿದಾದ ಮೆಟ್ಟಿಲು, ಕಂಬಿ ಹಿಡಿದು ಏರುವ ಬಂಡೆ, ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವ ಕೋತಿ, ಎಲ್ಲ ಇರುವ ಒಳ್ಳೆಯ ಬೆಟ್ಟ. ತಿಂಗಳಿಗೊಂದು ಸಲ ಅಂತ ನಾನು ಹೇಳಿದ್ದೆ. ಮೊದಲ ಸಲ ಚೆನ್ನಾಗಿ ಆಯಿತು ಅಂತ ಮುಂದಿನ ಭಾನುವಾರವೂ ಹೋದರು, ಅದರ ಮುಂದಿನದಕ್ಕೂ. ಮೇಲಿನ ಬಸವನ ಹತ್ತಿರ ತೆಗೆಸಿಕೊಂಡ ಫೋಟೋ ವಾಟ್ಸಾಪಿಗೆ ಬಂದಾಗಲೆಲ್ಲ ನಾನು ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದೆ. ‘ಮತ್ತೆ ಹೋಗಿದ್ರಾ?’ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಮೂರನೇ ಸೋಮವಾರ ಮಂಡಿಚಿಪ್ಪಿನ ಅಂಚೇ ಕಾಣದಷ್ಟು ಊತ. ಉಸಿರು, ಹೃದಯ, ಸ್ನಾಯು ಬೇಗ ಹದಕ್ಕೆ ಬರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಕೀಲಿನ ಒಳಗಿನ ಭಾಗಗಳು ತಿಂಗಳುಗಟ್ಟಲೆ ಹಿಂದೆ ಬೀಳುತ್ತವೆ. ಉಸಿರಾಟ ಸುಲಭವಾದಾಗಲೇ ಜನ ಮಂಡಿ ಕೆಡಿಸಿಕೊಳ್ಳುವುದು. ಇಪ್ಪತ್ತೈದರ ಹುಡುಗ ಎರಡು ದಿನಕ್ಕೆ ಸುಧಾರಿಸಿಕೊಳ್ಳುವುದಕ್ಕೆ ಇವರಿಗೆ ನಾಲ್ಕು ದಿನ ಬೇಕು. ಇದನ್ನು ನಾನು ಪಾಠ ಮಾಡುತ್ತೇನೆ, ಈ ಪ್ರಕರಣದಲ್ಲಿ ಮರೆತೆ.

ಮೂರು ವಾರ ಇಳಿಯುವುದು ಬಂದ್. ಸೈಕಲ್ ತುಳಿಯುವುದು, ಮಲಗಿ ಕಾಲೆತ್ತುವುದು. ಆ ದಿನಗಳಲ್ಲಿ ಅವರು ಕುಗ್ಗಿದರು. ಮಗ ಒಂದು ಸಂಜೆ ಕ್ಲಿನಿಕ್ಕಿಗೇ ಬಂದು, ‘ಮೇಡಂ, ನೀವೇ ಒಂದು ಮಾತು ಬೇಡ ಅಂದ್ಬಿಡಿ. ನಾನಂದ್ರೆ ಕೇಳಲ್ಲ’ ಅಂದ. ಅವನ ಸಿಟ್ಟಿನ ಒಳಗಿದ್ದದ್ದು ಹೆದರಿಕೆ. ಅಪ್ಪನನ್ನು ಕಳೆದುಕೊಂಡ ಹುಡುಗ. ನಾನು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಆಗಸ್ಟ್ 15ಕ್ಕೆ ಎಂಟು ಸುತ್ತು ಊತವಿಲ್ಲದೆ ಇಳಿದರೆ ಟಿಕೆಟ್, ಇಲ್ಲದಿದ್ದರೆ ಮುಂದಿನ ವರ್ಷ ಅಂತ ಮೂವರೂ ಕೂತು ಒಪ್ಪಿಕೊಂಡೆವು. ಇಳಿದರು.

ಊತದಿಂದ ಆದ ಒಂದು ಲಾಭ ಎರಡು ಕೋಲುಗಳು. ‘ಕೋಲು ಹಿಡಿದ್ರೆ ಮುದುಕಿ ಅಂತಾರೆ’ ಅಂತ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಇಳಿಜಾರಿನಲ್ಲಿ ಮಂಡಿಯ ಭಾರದ ಒಂದು ಪಾಲನ್ನು ಕೈಗಳು ಹೊತ್ತುಕೊಳ್ಳುವ ಸುಖ ಸಿಕ್ಕಮೇಲೆ ಆ ಮಾತು ನಿಂತಿತು.

ಮನಸ್ಸಿನ ಕಡೆ

ಮನೋಬಲದ ಭಾಷಣಗಳ ಬಗ್ಗೆ ನನಗೆ ಅಂಥ ನಂಬಿಕೆಯಿಲ್ಲ. ಅಲ್ಲಿ ಯಾವುದು ಕಷ್ಟವಾಗುತ್ತದೋ ಅದನ್ನು ಇಲ್ಲೇ ಚೂರು ಚೂರು ರುಚಿ ನೋಡಿಸುವುದೇ ನಾನು ತಿಳಿದ ಸಿದ್ಧತೆ. ಪಟ್ಟಿ ಮಾಡಿ ಅಂದೆ. ಬಿಲ್ ಪುಸ್ತಕದ ಹಾಳೆಯ ಹಿಂದೆ ಬರೆದು ತಂದರು: ಚಳಿ, ರಾತ್ರಿ ಹೊರಗಿನ ಶೌಚಾಲಯಕ್ಕೆ ಹೋಗುವುದು, ಎಲ್ಲರಿಗಿಂತ ಹಿಂದೆ ಬೀಳುವುದು, ಏಕಾದಶಿ. ಸಾವು ಆ ಪಟ್ಟಿಯಲ್ಲಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಂಗಡಿ’ ಎಂದಿತ್ತು. 28 ವರ್ಷದಲ್ಲಿ ಅದು ಒಟ್ಟಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಮುಚ್ಚಿದ್ದು ಎರಡೇ ಸಲವಂತೆ: ಒಂದು ಮುಕ್ತಿನಾಥ ಟೂರಿಗೆ, ಇನ್ನೊಂದು ಯಜಮಾನರು ಹೋದಾಗ.

ಚಳಿಗೆ ಬೆಂಗಳೂರಲ್ಲಿ ಮದ್ದಿಲ್ಲ. ಮಳೆಯಲ್ಲಿ ಒದ್ದೆಯಾಗಿ ನಡೆಯುವುದನ್ನು ಮಾತ್ರ ಜುಲೈಯಲ್ಲಿ ಧಾರಾಳವಾಗಿ ಮಾಡಿದರು. ಕತ್ತಲೆಗೆ ತಲೆದೀಪ ಕಟ್ಟಿಕೊಂಡು ಬೆಳಗಿನ ಜಾವ ಗುಡ್ಡದ ಮೆಟ್ಟಿಲು. ಹಿಂದೆ ಬೀಳುವ ಅವಮಾನಕ್ಕೆ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಜೊತೆ ಲಾಲ್‌ಬಾಗಿಗೆ ಹೋಗಿ ಬೇಕಂತಲೇ ಕೊನೆಯವರಾಗಿ ನಡೆಯುವ ಅಭ್ಯಾಸ. ಇದು ಅವರಿಗೆ ಮೆಟ್ಟಿಲಿಗಿಂತ ಕಷ್ಟವಾಯಿತು. ಎರಡು ಸಲ ಓಡಿ ಮುಂದೆ ಹೋಗಿಬಿಟ್ಟರು.

ಏಕಾದಶಿಯ ಬಗ್ಗೆ ನನಗೂ ಭಯವಿತ್ತು. ನೀರೂ ಇಲ್ಲದ ಉಪವಾಸ 4,000 ಮೀಟರಿನ ಮೇಲೆ ಸಲ್ಲದು. ಪಂಚಾಂಗ ನೋಡಿದರೆ ಕಣಿವೆದಾರಿಯ ಹತ್ತಿರದ ದಿನಗಳಲ್ಲೇ ಬರುತ್ತಿತ್ತು. ನಾನು ವಾದಕ್ಕೆ ಇಳಿಯಲಿಲ್ಲ, ಅವರೇ ಮಠದಲ್ಲಿ ಕೇಳಿಬಂದರು. ವಯಸ್ಸಾದವರು, ಪ್ರಯಾಣದಲ್ಲಿರುವವರು ಫಲಾಹಾರ ಮಾಡಬಹುದು ಅಂದರಂತೆ. ಹಾಲು, ಆಲೂಗೆಡ್ಡೆ, ಖರ್ಜೂರ ಅಂತ ಇತ್ಯರ್ಥವಾಯಿತು.

ಬಹಳ ಹೊತ್ತು ಮಾತಾಡಿದ್ದು ಹಿಂದಿರುಗುವ ಬಗ್ಗೆ. ಎರಡು ಸಂಗತಿ ಹೇಳಿದೆ. ಜಪಾನಿನ ಯುಇಚಿರೋ ಮಿಯುರಾ 2013ರಲ್ಲಿ ತಮ್ಮ 80ನೇ ವಯಸ್ಸಿನಲ್ಲಿ ಎವರೆಸ್ಟ್ ಏರಿದರು, ಅದು ಎಲ್ಲರಿಗೂ ಗೊತ್ತು. ಇಳಿಯುವಾಗ ನಿತ್ರಾಣರಾಗಿ, ಸುಮಾರು 6,500 ಮೀಟರಿನ ಶಿಬಿರದಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರು, ಇದನ್ನು ಯಾರೂ ಹೇಳುವುದಿಲ್ಲ. ಎರಡನೆಯದು ಇವರ ದಾರಿಯದೇ. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷ ಎರಡು ದಿನದ ಮೇಲೆ ಥೊರಾಂಗ್ ಲಾ ಸುತ್ತಮುತ್ತ ಹಿಮವಾಗಿ ಸುರಿದು 40ಕ್ಕೂ ಹೆಚ್ಚು ಜನ ಸತ್ತರು. ವರ್ಷದ ಅತ್ಯಂತ ಒಳ್ಳೆಯ ಹವೆ ಅನ್ನಿಸಿಕೊಂಡ ತಿಂಗಳಲ್ಲೇ.

ಅವರು ಕೇಳಿಸಿಕೊಂಡು, ಅದೇ ಬಿಲ್ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಮೂರು ಸಾಲು ಬರೆದರು. ತಲೆನೋವಿನ ಜೊತೆ ವಾಂತಿ ಬಂದರೆ ಕೆಳಗೆ. ಗೈಡ್ ಹವೆ ಸರಿಯಿಲ್ಲ ಅಂದರೆ ವಾದ ಇಲ್ಲ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದಿದ್ದರೆ ರಾತ್ರಿಯಾದರೂ ಸರಿ, ಇಳಿಯುವುದು. ಮೂರನೆಯದು ಮೆದುಳಿಗೆ ನೀರು ತುಂಬುವ ಅಪಾಯದ ಗುರುತು. ಎತ್ತರದಲ್ಲಿ ಬುದ್ಧಿ ಮಂಕಾಗುತ್ತದೆ, ನಿರ್ಧಾರವನ್ನು ಅಲ್ಲಿ ಮಾಡಬಾರದು, ಬಸವನಗುಡಿಯಲ್ಲೇ ಮಾಡಿಕೊಂಡು ಹೋಗಬೇಕು.

ಎತ್ತರಕ್ಕೆ ಮಾತ್ರ ನಮ್ಮೂರಲ್ಲಿ ಅಭ್ಯಾಸವೇ ಇಲ್ಲ. ದೇಹ ಗಟ್ಟಿಯಿದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ, ವಯಸ್ಸಾದವರಿಗೆ ಹೆಚ್ಚು ಬರುತ್ತದೆ ಅನ್ನುವುದೂ ಅಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ. ಎತ್ತರಕ್ಕೆ ಮೈ ಒಗ್ಗಲೆಂದು ವೈದ್ಯರು ಬರೆದುಕೊಟ್ಟ ಡಯಾಮಾಕ್ಸ್ ಮಾತ್ರೆಯನ್ನು ಸೆಪ್ಟೆಂಬರಿನಲ್ಲಿ ಎರಡು ದಿನ ಮನೆಯಲ್ಲೇ ತೆಗೆದುಕೊಂಡು ನೋಡಿದರು. ಬೆರಳ ತುದಿ ಜುಮುಗುಟ್ಟಿತು, ಗಳಿಗೆಗೊಮ್ಮೆ ಮೂತ್ರ. ಮೂರನೆಯದನ್ನು ನಾನು ಹೇಳುವುದಕ್ಕೆ ಮುಂಚೆ ಅವರೇ ಕಂಡುಹಿಡಿದರು. ‘ಸೋಡಾ ಕೆಟ್ಟೋಗಿದೆ ಅಂತ ಸಪ್ಲೈ ಹುಡುಗನಿಗೆ ಬೈದ್ಬಿಟ್ಟೆ ಕಣಮ್ಮ.’ ಆ ಮಾತ್ರೆಗೆ ಗ್ಯಾಸ್ ತುಂಬಿದ ಪಾನೀಯದ ರುಚಿ ಕೆಡಿಸುವ ಗುಣವಿದೆ. ಹುಡುಗನ ಹತ್ತಿರ ಕ್ಷಮೆ ಕೇಳಿದರಂತೆ.

ದಾರಿಯಲ್ಲಿ

ಸೆಪ್ಟೆಂಬರ್ ಕೊನೆಯಲ್ಲಿ ಕಠ್ಮಂಡು ಕಣಿವೆಯಲ್ಲಿ ಭಾರಿ ಪ್ರವಾಹವಾಗಿ ರಸ್ತೆಗಳು ಕೊಚ್ಚಿಹೋದವು. ಮಗ ಮತ್ತೆ ಬಂದ. ಈ ಸಲ ವಾದಕ್ಕಲ್ಲ, ಹೆಲಿಕಾಪ್ಟರ್ ಖರ್ಚು ಕೊಡುವ, 5,500 ಮೀಟರಿನವರೆಗೂ ಅನ್ವಯಿಸುವ ವಿಮೆಯ ಕಾಗದ ತೋರಿಸಲಿಕ್ಕೆ. ಅಕ್ಟೋಬರ್ 15ರಂದು, ವಿಜಯದಶಮಿ ಕಳೆದು ಮೂರನೇ ದಿನ, ಬೆಂಗಳೂರಿನ ಐವರು ಹೊರಟರು. ಜೊತೆಗೆ ನೇಪಾಳದ ಒಬ್ಬ ಗೈಡ್, ಒಬ್ಬ ಸಹಾಯಕ ಗೈಡ್, ಇಬ್ಬರು ಪೋರ್ಟರುಗಳು. ಸಹಾಯಕನ ಖರ್ಚು ಬೇಡ ಅಂದವರ ಬಾಯಿ ಮುಚ್ಚಿಸಿ ಅವನ ಕೂಲಿಯನ್ನು ಆಂಟಿ ತಾವೊಬ್ಬರೇ ಕೊಟ್ಟರು.

ಚಾಮೆ, ಅಪ್ಪರ್ ಪಿಸಾಂಗ್, ನಾವಲ್, ಮನಾಂಗ್. ಅಲ್ಲಿಯವರೆಗೆ ವರದಿ ಚಿಕ್ಕದು: ನಿಧಾನ, ಸುರಕ್ಷಿತ, ದಾಲ್–ಭಾತ್. ಗೈಡ್ ಇವರನ್ನು ‘ಆಮಾ’ ಅನ್ನುತ್ತಿದ್ದ. ಮನಾಂಗಿನಲ್ಲಿ ಎತ್ತರದ ಕಾಯಿಲೆಯ ಬಗ್ಗೆ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್ನಿನ ಚಿಕಿತ್ಸಾ ಕೇಂದ್ರವಿದೆ, ಋತುವಿನಲ್ಲಿ ದಿನವೂ ಅಲ್ಲಿ ಪಾಠ ಹೇಳುತ್ತಾರೆ, ಅದನ್ನೂ ಕೇಳಿದರು. ಕಾಡಿದ್ದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ 94ಕ್ಕಿಂತ ಇಳಿದರೆ ಆಸ್ಪತ್ರೆ ಎಂದು ಕಲಿತ ಕಣ್ಣಿಗೆ ಮನಾಂಗಿನಲ್ಲಿ 87 ಕಂಡರೆ ಹೇಗಿರಬೇಡ. ಆ ಎತ್ತರದಲ್ಲಿ ಅದು ಮಾಮೂಲು. ನಾನು ಎಲ್ಲ ಹೇಳಿ ಇದನ್ನು ಹೇಳಲು ಮರೆತಿದ್ದೆ. ಒಂದು ರಾತ್ರಿಯ ನಿದ್ದೆ ಅದಕ್ಕೆ ಹೋಯಿತು.

ಯಾಕ್ ಖರ್ಕದಿಂದ, ಅಂದರೆ ಸುಮಾರು 4,050 ಮೀಟರಿನಿಂದ, ಅಕ್ಟೋಬರ್ 26ರಂದು ಥೊರಾಂಗ್ ಫೇದಿಗೆ ಏರಿದರು. 4,500ರ ಹತ್ತಿರದ ಆ ತಂಗುದಾಣದಲ್ಲಿ ಸಂಜೆ ತಲೆನೋವು, ಊಟ ಸೇರಲಿಲ್ಲ, ನಸುಕಿನಲ್ಲಿ ವಾಂತಿ. ಒಂದೇ ಸಲ. ತಂಡದವರು ತಯಾರಾಗುತ್ತಿದ್ದರು, ಆಕಾಶ ತಿಳಿಯಾಗಿತ್ತು. ಇನ್ನೊಂದು ಗಂಟೆ ನೋಡೋಣ ಎಂದು ಒಬ್ಬರು ಅಂದರಂತೆ. ಇವರು ಬ್ಯಾಗಿನ ಮೇಲಿನ ಜೇಬಿನಿಂದ ಬಿಲ್ ಹಾಳೆ ತೆಗೆದು ಮೊದಲ ಸಾಲು ತೋರಿಸಿ, ಸಹಾಯಕನ ಜೊತೆ ಕೆಳಗಿಳಿದರು. ನಾಲ್ವರು ಮೇಲೆ ಹೋದರು, ಅವತ್ತೇ ದಾಟಿದರು.

‘ಅಳು ಬಂತಾ ಆಂಟಿ?’ ಎಂದು ಆಮೇಲೆ ಕೇಳಿದೆ.

‘ಬಂತು. ಇಳೀತಾ ಇಳೀತಾ ತಲೆನೋವು ಹೋಯ್ತು ನೋಡು, ಆಗ ಇನ್ನೂ ಜಾಸ್ತಿ ಬಂತು. ಸುಮ್ನೆ ಬಂದ್ನೇನೋ ಅಂತ.’

ಮಾರನೆಯ ದಿನ, 28, ಏಕಾದಶಿ. ಯಾಕ್ ಖರ್ಕದಲ್ಲಿ ಬಿಸಿಲಿಗೆ ಕೂತು ಬೇಯಿಸಿದ ಆಲೂಗೆಡ್ಡೆ, ಹಾಲು. 29ಕ್ಕೆ ಮತ್ತೆ ಫೇದಿ. ಈ ಸಲ ತಲೆ ಹಗುರ, ಹಸಿವು ಇತ್ತು. 30ರ ಬೆಳಗಿನ ನಾಲ್ಕಕ್ಕೆ ಹೊರಟು ಹತ್ತೂ ಕಾಲಿಗೆ ಕಣಿವೆದಾರಿಯ ಬಣ್ಣದ ಬಾವುಟಗಳ ಹತ್ತಿರ ನಿಂತರು. ಹತ್ತೇ ನಿಮಿಷ. ಆಕ್ಸಿಜನ್ ಸಮುದ್ರಮಟ್ಟದ ಅರ್ಧದಷ್ಟು, ಗಾಳಿ ಬೇರೆ. ದಾಸರ ಪದದ ಒಂದು ಸಾಲಿಗೆ ಮೂರು ಉಸಿರು ಬೇಕಾಗಿತ್ತಂತೆ.

ಆಮೇಲೆ ಆ 1,600 ಮೀಟರ್. ಆರೂವರೆ ಗಂಟೆ. ಪ್ರತಿ 42 ಮೀಟರಿಗೂ ಒಂದು ಸುತ್ತು ಎಂದು ಎಣಿಸಿಕೊಂಡು ಇಳಿದರು. ಸಹಾಯಕನ ವಾಚಿನಲ್ಲಿ ಎತ್ತರ ನೋಡುವುದು, ಬೆರಳು ಮಡಿಸುವುದು. ಇಪ್ಪತ್ತರ ಹೊತ್ತಿಗೆ ತಮಗಿಂತ ಚಿಕ್ಕ ವಯಸ್ಸಿನ ಇಬ್ಬರು ದಾರಿಪಕ್ಕ ಮಂಡಿ ಹಿಡಿದು ಕೂತಿದ್ದರಂತೆ. ಅವರಲ್ಲೊಬ್ಬರಿಗೆ ತಮ್ಮದೊಂದು ಕೋಲು ಕೊಟ್ಟರು. ಕ್ಲಿನಿಕ್ಕಿನಲ್ಲಿ ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ.

ಸಂಜೆ ಐದಕ್ಕೆ ಮುಕ್ತಿನಾಥ. ನಮ್ಮ ಮನೆಗಳಲ್ಲಿ ಹಂಡೆ ತೊಳೆದು ನೀರು ತುಂಬುವ ಹಬ್ಬದ ಸಂಜೆ ಅದು. ನರಕ ಚತುರ್ದಶಿಯ ಬೆಳಿಗ್ಗೆ ಲಾಡ್ಜಿನಲ್ಲಿ ತಲೆಗೆ ಎಳ್ಳೆಣ್ಣೆ ಒತ್ತಿಕೊಂಡು ಬಿಸಿನೀರು ಹೊಯ್ದುಕೊಂಡು, ದೇವಸ್ಥಾನದ ಹಿಂದಿನ 108 ಧಾರೆಗಳ ಕೆಳಗೆ ಕೈಯೊಡ್ಡಿ ಒಂದೊಂದು ಹನಿ ನೆತ್ತಿಗೆ ಹಾಕಿಕೊಂಡರು. ನೇರವಾಗಿ ಆ ಹಿಮದ ನೀರಿನ ಕೆಳಗೆ ತಲೆ ಕೊಡಬೇಡಿ, ಬಿಪಿ ಏರುತ್ತದೆ ಎಂದು ಹೇಳಿದ್ದೆ. ಕೊನೆಯ ಧಾರೆಗೆ ಕೊಟ್ಟೆ ಎಂದು ಒಪ್ಪಿಕೊಂಡಿದ್ದಾರೆ.

ಆಮೇಲೆ

ಡಿಸೆಂಬರ್ ಮೊದಲ ವಾರ ಪರೀಕ್ಷಿಸಿದೆ. ಕುರ್ಚಿ 16, ಒಂಟಿಕಾಲು 24 ಸೆಕೆಂಡ್, ಆರು ನಿಮಿಷಕ್ಕೆ 545 ಮೀಟರ್. ಮಂಡಿಯಲ್ಲಿ ಊತವಿಲ್ಲ. ಎಚ್‌ಬಿಎ1ಸಿ 5.8. ಒಣಕೆಮ್ಮು ಮೂರು ವಾರ ಇದ್ದು ಹೋಯಿತು. ಮಂಡಿಯ ಎಕ್ಸ್‌ರೇ ಮತ್ತೆ ತೆಗೆಸಲಿಲ್ಲ, ಸವೆತ ಸವೆತವೇ. ಚಕ್ಕಲಬಕ್ಕಲ ಹಾಕಿ ಕೂತು ಪೂಜೆ ಮಾಡಲು ಇವತ್ತಿಗೂ ಆಗುವುದಿಲ್ಲ, ಸ್ಟೂಲಿನ ಮೇಲೆ ಕೂರುತ್ತಾರೆ.

ತಪ್ಪಿದ್ದು ಕಾಲಿನ ತುದಿಯಲ್ಲಿ. ಮೆಟ್ಟಿಲು ಎಷ್ಟೇ ಇಳಿದರೂ ಪಾದ ಸಮತಟ್ಟಾಗಿ ಕೂರುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಅಗಲ ನೋಡಿ ಶೂ ಕೊಂಡೆವು, ಉದ್ದದಲ್ಲಿ ಅರ್ಧ ಇಂಚು ಬಿಡಲಿಲ್ಲ. ಇಳಿಯುವಾಗ ಲೇಸನ್ನು ಹಿಮ್ಮಡಿಗೆ ಬಿಗಿಯಾಗುವಂತೆ ಮರಳಿ ಕಟ್ಟುವುದನ್ನು ಕಲಿಸಲಿಲ್ಲ. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ, ಕಾರ್ತೀಕ ಮುಗಿಯುವುದರೊಳಗೆ ಬಿದ್ದವು. ಎಡಗಾಲಿನದು ಯುಗಾದಿಯ ಹೊತ್ತಿಗೆ ಅರ್ಧ ಬಂದಿತ್ತು. ಬಲಗಾಲಿನದು ಸ್ವಲ್ಪ ಸೊಟ್ಟಗೆ ಬರುತ್ತಿದೆ.